ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು: ಪಶ್ಚಿಮದ ಮುಸ್ಲಿಂ ಯುವಜನರ ಮುಂದೆ ಸುನ್ನಿ-ಶಿಯಾ ಪ್ರಶ್ನೆ

2022ರ ಜೂನ್ ಮೊದಲ ವಾರ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್, ಬೋಲ್ಟನ್, ಶೆಫೀಲ್ಡ್ ನಗರಗಳ ಚಿತ್ರಮಂದಿರಗಳ ಮುಂದೆ ಮುಸ್ಲಿಮರು ಗುಂಪುಗೂಡಿ ಪ್ರತಿಭಟನೆ ನಡೆಸಿದರು. ಪ್ರವಾದಿ ಮುಹಮ್ಮದರ ಪುತ್ರಿ ಫಾತಿಮಾ ಅವರನ್ನು ಕುರಿತ ‘ದಿ ಲೇಡಿ ಆಫ್ ಹೆವನ್’ ಎಂಬ ಚಲನಚಿತ್ರದ ಪ್ರದರ್ಶನವನ್ನು ನಿಲ್ಲಿಸಬೇಕೆಂಬುದು ಅವರ ಬೇಡಿಕೆಯಾಗಿತ್ತು. ಸಿಬ್ಬಂದಿ ಹಾಗೂ ಪ್ರೇಕ್ಷಕರ ಸುರಕ್ಷತೆಯ ಕಾರಣ ನೀಡಿ ಸಿನಿವರ್ಲ್ಡ್ ಸಂಸ್ಥೆಯು ಆ ಚಿತ್ರವನ್ನು ತನ್ನ ಎಲ್ಲ ಚಿತ್ರಮಂದಿರಗಳಿಂದ ಹಿಂತೆಗೆದುಕೊಂಡಿತು. ಪ್ರತಿಭಟನೆಗೆ ಬೆಂಬಲ ನೀಡಿದ ಇಮಾಮರೊಬ್ಬರನ್ನು ಬ್ರಿಟಿಷ್ ಸರ್ಕಾರ ತನ್ನ ಸಲಹೆಗಾರರ ಸ್ಥಾನದಿಂದ ಕೈಬಿಟ್ಟಿತು. ಜಗತ್ತಿನ ಪತ್ರಿಕೆಗಳು ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯನ್ನಾಗಿ ಕಂಡು ಚರ್ಚಿಸಿ ಮುಂದೆ ಸಾಗಿದವು.

ಆದರೆ ಆ ವಿವಾದದೊಳಗೆ ಇನ್ನೊಂದು ವಿವಾದ ಅಡಗಿತ್ತು. ಚಿತ್ರದ ಕಥೆಯನ್ನು ರಚಿಸಿದವರು ಕುವೈತಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಶಿಯಾ ಧರ್ಮಗುರು ಯಾಸಿರ್ ಅಲ್ ಹಬೀಬ್. ಸುನ್ನಿಗಳು ಪರಮಗೌರವದಿಂದ ಕಾಣುವ ಆರಂಭಿಕ ಖಲೀಫರನ್ನೂ ಪ್ರವಾದಿಯವರ ಪತ್ನಿ ಆಯಿಷಾ ಅವರನ್ನೂ ಹೀನಾಯವಾಗಿ ಚಿತ್ರಿಸಲಾಗಿದೆ ಎಂಬುದು ಪ್ರತಿಭಟನಕಾರರ ಆಕ್ಷೇಪ. ಇದೇ ಧರ್ಮಗುರುವಿನ ಮಾತುಗಳಿಂದ 2010ರಲ್ಲಿ ದೊಡ್ಡ ವಿವಾದವೆದ್ದಾಗ, ಆಗ ಇರಾನಿನ ಪರಮೋಚ್ಚ ನಾಯಕರಾಗಿದ್ದ ಅಲಿ ಖಮೇನಿ ಅವರು ಸುನ್ನಿಗಳ ಪೂಜ್ಯರನ್ನು ನಿಂದಿಸುವುದು ಸಲ್ಲದೆಂದು ಫತ್ವಾ ಹೊರಡಿಸಿದ್ದರು. 2022ರ ಚಿತ್ರವನ್ನು ಇರಾನಿನ ಶಿಯಾ ಧರ್ಮಗುರುಗಳೂ ಖಂಡಿಸಿದ್ದರು. ಹೀಗಿದ್ದರೂ ಪ್ರತಿಭಟನೆಯ ಕೆಲವು ಕಡೆಗಳಲ್ಲಿ ಮಾತು ಚಿತ್ರವನ್ನು ಬಿಟ್ಟು ಇಡೀ ಶಿಯಾ ಸಮುದಾಯದ ಮೇಲೆ ಹರಿಯಿತು. ಸಲಹೆಗಾರರನ್ನು ಕೈಬಿಟ್ಟ ಪತ್ರದಲ್ಲಿ ಸರ್ಕಾರವೇ ಶಿಯಾ ದ್ವೇಷದ ಘೋಷಣೆಗಳನ್ನು ಉಲ್ಲೇಖಿಸಿತ್ತು.

ಆ ಚಿತ್ರವನ್ನು ನೋಡದ, ಅದನ್ನು ನಿರ್ಮಿಸಿದವರೊಂದಿಗೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಶಿಯಾ ವಿದ್ಯಾರ್ಥಿ ಮರುದಿನ ತನ್ನ ಕಾಲೇಜಿನ ಮುಸ್ಲಿಂ ಗೆಳೆಯರ ನಡುವೆ ಹೇಗೆ ನಿಲ್ಲಬೇಕು? ಬಿಳಿಯ ಸಹಪಾಠಿಗಳ ಕಣ್ಣಿಗೆ ಆತ ಚಲನಚಿತ್ರ ನಿಲ್ಲಿಸಿದ ‘ಮುಸ್ಲಿಮ’. ಮುಸ್ಲಿಂ ಸಹಪಾಠಿಗಳಲ್ಲಿ ಕೆಲವರ ಕಣ್ಣಿಗೆ ಆ ಚಿತ್ರವನ್ನು ತೆಗೆದ ‘ಶಿಯಾ’. ಪಶ್ಚಿಮದ ಮುಸ್ಲಿಂ ಯುವಜನರ ನಡುವೆ ಸುನ್ನಿ-ಶಿಯಾ ಗುರುತು ಇಂದು ಪಡೆದಿರುವ ರೂಪವನ್ನು ಅರಿಯಲು ಈ ಇಬ್ಬಂದಿಯಿಂದಲೇ ಆರಂಭಿಸುವುದು ಸೂಕ್ತ.

ಹಳೆಯ ಭೇದ, ಹೊಸ ನೆಲ

ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ನಿಧನರಾದಾಗ ಸಮುದಾಯದ ನಾಯಕತ್ವ ಯಾರಿಗೆ ಸೇರಬೇಕೆಂಬ ಪ್ರಶ್ನೆ ಉದ್ಭವಿಸಿತು. ಹಿರಿಯ ಅನುಯಾಯಿ ಅಬೂಬಕರ್ ಅವರ ಆಯ್ಕೆಯನ್ನು ಒಪ್ಪಿದ ಪರಂಪರೆ ಸುನ್ನಿ ಎನಿಸಿತು. ನಾಯಕತ್ವವು ಪ್ರವಾದಿಯ ಅಳಿಯ ಅಲಿ ಹಾಗೂ ಅವರ ವಂಶಕ್ಕೆ ಸಲ್ಲಬೇಕೆಂದ ಪರಂಪರೆ ಶಿಯಾ ಎನಿಸಿತು. 680ರಲ್ಲಿ ಇಂದಿನ ಇರಾಕಿನ ಕರ್ಬಲಾದಲ್ಲಿ ಅಲಿ ಅವರ ಪುತ್ರ ಇಮಾಮ್ ಹುಸೇನರು ತಮ್ಮ ಸಣ್ಣ ಪರಿವಾರದೊಂದಿಗೆ ಹತರಾದ ಘಟನೆ ಶಿಯಾ ಧಾರ್ಮಿಕತೆಯ ಕೇಂದ್ರವಾಯಿತು. ಕನ್ನಡ ಓದುಗರಿಗೆ ಈ ಕಥೆ ಅಪರಿಚಿತವಲ್ಲ. ಮುದಗಲ್ಲಿನಿಂದ ಹಿಡಿದು ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮೊಹರಂ ಆಚರಣೆಯಲ್ಲಿ ಶಿಯಾಗಳಿಗಿಂತ ಸುನ್ನಿಗಳೂ ಹಿಂದೂಗಳೂ ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸುತ್ತಾರೆ. ಸಿದ್ಧಾಂತದ ಗೆರೆ ಎಲ್ಲ ಊರುಗಳಲ್ಲೂ ಬದುಕಿನ ಗೆರೆಯಾಗಿರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಮುಸ್ಲಿಮರಲ್ಲಿ ಶಿಯಾಗಳ ಪಾಲು ಶೇ 10ರಿಂದ 13ರಷ್ಟು. ಅವರಲ್ಲಿ ಬಹುಪಾಲು ಜನ ಇರಾನ್, ಪಾಕಿಸ್ತಾನ, ಭಾರತ ಹಾಗೂ ಇರಾಕ್‌ಗಳಲ್ಲಿದ್ದಾರೆ. ಪಶ್ಚಿಮಕ್ಕೆ ಅವರು ಒಂದೇ ಅಲೆಯಾಗಿ ಹೋದವರಲ್ಲ. ಗುಜರಾತ್ ಹಾಗೂ ಕಚ್ಛ್ ಮೂಲದ ಖೋಜಾ ಶಿಯಾ ವರ್ತಕರು ತಲೆಮಾರುಗಳ ಹಿಂದೆಯೇ ಪೂರ್ವ ಆಫ್ರಿಕಾ ಸೇರಿದ್ದರು. 1972ರಲ್ಲಿ ಈದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರದಬ್ಬಿದಾಗ ಅವರಲ್ಲಿ ಅನೇಕರು ಬ್ರಿಟನ್, ಕೆನಡಾಗಳಿಗೆ ಬಂದರು. 1976ರಲ್ಲಿ ಅವರು ಕಟ್ಟಿದ ಜಾಗತಿಕ ಒಕ್ಕೂಟದ ಕೇಂದ್ರ ಕಚೇರಿ ಲಂಡನ್ ಹೊರವಲಯದ ಸ್ಟ್ಯಾನ್‌ಮೋರ್‌ನಲ್ಲಿದೆ. 1979ರ ಕ್ರಾಂತಿಯ ಬಳಿಕ ಇರಾನಿಯರು ಬಂದರು. ಸದ್ದಾಂ ಹುಸೇನ್ ಆಡಳಿತದ ಕಿರುಕುಳಕ್ಕೆ, ಅದರಲ್ಲೂ 1991ರ ದಂಗೆಯ ದಮನಕ್ಕೆ ಬೆದರಿದ ಇರಾಕಿ ಶಿಯಾಗಳು ಬಂದರು. ಲೆಬನಾನಿನ ಅಂತರ್ಯುದ್ಧದಿಂದ ತಪ್ಪಿಸಿಕೊಂಡವರು ಅಮೆರಿಕದ ಮಿಚಿಗನ್ ರಾಜ್ಯದ ಡಿಯರ್‌ಬೋರ್ನ್ ನಗರದಲ್ಲಿ, ಫೋರ್ಡ್ ಕಾರ್ಖಾನೆಯ ಆಸುಪಾಸಿನಲ್ಲಿ ಮೊದಲೇ ನೆಲೆಯೂರಿದ್ದ ತಮ್ಮವರನ್ನು ಸೇರಿಕೊಂಡರು.

ಬ್ರಿಟನ್ನಿನ ಸುನ್ನಿಗಳಲ್ಲಿ ಬಹುಸಂಖ್ಯಾತರದು ಬೇರೊಂದು ಪಯಣ. ಪಾಕಿಸ್ತಾನದ ಮೀರ್‌ಪುರ ಹಾಗೂ ಪಂಜಾಬ್, ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶಗಳಿಂದ ಬಂದು ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್, ಪೂರ್ವ ಲಂಡನ್‌ಗಳಲ್ಲಿ ಗಿರಣಿ, ಕಾರ್ಖಾನೆ ಹಾಗೂ ಹೋಟೆಲ್ ಕೆಲಸಗಳಿಗೆ ಸೇರಿದ ಕುಟುಂಬಗಳವು. ಹಿರಿಯ ತಲೆಮಾರು ತನ್ನನ್ನು ‘ಸುನ್ನಿ’ ಎಂದು ಕರೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಬರೇಲ್ವಿ, ದೇವಬಂದಿ ಎಂದೋ, ತನ್ನ ಪೀರರ ಅನುಯಾಯಿ ಎಂದೋ, ತನ್ನ ಊರು-ಬಿರಾದರಿಯ ಹೆಸರಿನಿಂದಲೋ ಗುರುತಿಸಿಕೊಳ್ಳುತ್ತಿತ್ತು. ಶಿಯಾಗಳ ಕಥೆಯೂ ಅಷ್ಟೇ. ಖೋಜಾಗಳ ಮಜ್ಲಿಸ್ ಒಂದೆಡೆ, ಇರಾಕಿಗಳದು ಇನ್ನೊಂದೆಡೆ, ಇರಾನಿಯರದು ಮತ್ತೊಂದೆಡೆ ನಡೆಯುತ್ತಿತ್ತು. ಗುಜರಾತಿ, ಉರ್ದು, ಅರಬ್ಬಿ, ಪಾರಸಿ ಭಾಷೆಗಳೇ ಅವರ ನಡುವಿನ ಗೋಡೆಗಳಾಗಿದ್ದವು.

ಹೊರಗಿನಿಂದ ಒಂದೇ ಹೆಸರು

ಈ ಗೋಡೆಗಳನ್ನು ಎರಡು ಶಕ್ತಿಗಳು ಕೆಡವಿದವು. ಮೊದಲನೆಯದು ಹೊರಗಿನ ಸಮಾಜದ ದೃಷ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಸೇರಿದ್ದು 2001ರಲ್ಲಿ. ಅಲ್ಲಿ ‘ಮುಸ್ಲಿಂ’ ಎಂಬ ಒಂದೇ ಕಾಲಂ ಇದೆ. ಸುನ್ನಿ-ಶಿಯಾ ಲೆಕ್ಕವನ್ನು ಸರ್ಕಾರ ಕೇಳುವುದಿಲ್ಲ. 2011ರಲ್ಲಿ ಸುಮಾರು 27 ಲಕ್ಷವಿದ್ದ ಮುಸ್ಲಿಂ ಜನಸಂಖ್ಯೆ 2021ರಲ್ಲಿ ಸುಮಾರು 39 ಲಕ್ಷಕ್ಕೆ, ಅಂದರೆ ಒಟ್ಟು ಜನಸಂಖ್ಯೆಯ ಶೇ 6.5ಕ್ಕೆ ಏರಿತು. ಇಡೀ ಜನಸಂಖ್ಯೆಯ ಮಧ್ಯಸ್ಥ ವಯಸ್ಸು 40 ವರ್ಷವಾದರೆ ಮುಸ್ಲಿಮರದು 27 ವರ್ಷ. ಅಂದರೆ ಬ್ರಿಟನ್ನಿನ ಮುಸ್ಲಿಂ ಪ್ರಶ್ನೆ ಎಂಬುದು ಬಹುಮಟ್ಟಿಗೆ ಅಲ್ಲಿನ ಯುವಜನರ ಪ್ರಶ್ನೆಯೇ ಆಗಿದೆ.

2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ದಾಳಿ ಹಾಗೂ 2005ರ ಜುಲೈ 7ರ ಲಂಡನ್ ಸ್ಫೋಟಗಳ ಅನಂತರ ಬೆಳೆದ ತಲೆಮಾರು ಇದು. ವಿಮಾನ ನಿಲ್ದಾಣದ ತಪಾಸಣೆ, ಶಾಲೆಯಲ್ಲಿ ಎದುರಾಗುವ ಕೊಂಕು, ಉದ್ಯೋಗದ ಅರ್ಜಿಯಲ್ಲಿನ ಹೆಸರು, ಇವಾವುವೂ ಪಂಥವನ್ನು ವಿಚಾರಿಸುವುದಿಲ್ಲ. 2017ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ನಗರದ ಮಸೀದಿಯಲ್ಲಿ ಆರು ಮಂದಿಯನ್ನು, 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವರು ತಮ್ಮ ಗುರಿಯನ್ನು ಆರಿಸಿಕೊಂಡದ್ದು ‘ಮುಸ್ಲಿಂ’ ಎಂಬ ಒಂದೇ ಪದದಿಂದ. ಹೊರಗಿನವರು ಒಂದೇ ಹೆಸರಿನಿಂದ ಕರೆದಾಗ, ಒಳಗಿನವರು ಆ ಹೆಸರಿನಡಿ ಒಟ್ಟಾಗುವುದು ಸಹಜ. ‘ನಾನು ಸುನ್ನಿಯೂ ಅಲ್ಲ, ಶಿಯಾವೂ ಅಲ್ಲ, ಬರೀ ಮುಸ್ಲಿಂ’ ಎಂಬ ಮಾತು ಈ ತಲೆಮಾರಿನಲ್ಲಿ ಮತ್ತೆ ಮತ್ತೆ ಕೇಳಿಬರುವುದಕ್ಕೆ ಇದೇ ಹಿನ್ನೆಲೆ. ಪ್ಯೂ ಕೇಂದ್ರದ 2017ರ ಸಮೀಕ್ಷೆಯಲ್ಲಿ ಅಮೆರಿಕದ ಮುಸ್ಲಿಮರಲ್ಲಿ ಶೇ 55ರಷ್ಟು ಮಂದಿ ಸುನ್ನಿ ಎಂದೂ ಶೇ 16ರಷ್ಟು ಮಂದಿ ಶಿಯಾ ಎಂದೂ ಗುರುತಿಸಿಕೊಂಡರೆ, ಶೇ 14ರಷ್ಟು ಮಂದಿ ಯಾವ ಪಂಥದ ಹೆಸರನ್ನೂ ಹೇಳಲಿಲ್ಲ.

ಎರಡನೆಯ ಶಕ್ತಿ ಇಂಗ್ಲಿಷ್ ಭಾಷೆ. ತಂದೆಯರ ಕಾಲದಲ್ಲಿ ಪಂಜಾಬಿ ಸುನ್ನಿಗೂ ಇರಾಕಿ ಶಿಯಾನಿಗೂ ಮಾತುಕತೆಯೇ ಸಾಧ್ಯವಿರಲಿಲ್ಲ. ಮಕ್ಕಳು ಒಂದೇ ಶಾಲೆಯ ಬೆಂಚಿನಲ್ಲಿ ಕುಳಿತು ಒಂದೇ ಭಾಷೆಯಲ್ಲಿ ಮಾತನಾಡಿದರು. ಖೋಜಾ, ಇರಾಕಿ, ಲೆಬನಾನಿ, ಪಾಕಿಸ್ತಾನಿ ಶಿಯಾ ಯುವಕರು ಇಂಗ್ಲಿಷ್ ಮಜ್ಲಿಸ್‌ಗಳಲ್ಲಿ ಮೊದಲ ಬಾರಿಗೆ ಒಟ್ಟಿಗೆ ಕುಳಿತರು. ಬರೇಲ್ವಿ, ದೇವಬಂದಿ ಮನೆಗಳ ಮಕ್ಕಳು ವಿಶ್ವವಿದ್ಯಾಲಯದಲ್ಲಿ ಒಂದೇ ಸಾಲಿನಲ್ಲಿ ನಮಾಜಿಗೆ ನಿಂತರು. ಹೀಗೆ ಪಶ್ಚಿಮದ ನೆಲದಲ್ಲಿ ಊರು, ಭಾಷೆ, ಬಿರಾದರಿಗಳ ಗುರುತು ತೆಳುವಾದಂತೆ ‘ಸುನ್ನಿ’ ಹಾಗೂ ‘ಶಿಯಾ’ ಎಂಬ ಎರಡು ದೊಡ್ಡ ಹೆಸರುಗಳು ದಪ್ಪವಾದವು. ತವರು ನೆಲದಿಂದ ಗಂಟುಕಟ್ಟಿ ತಂದ ಹಳೆಯ ದ್ವೇಷವಷ್ಟೇ ಇದು ಎಂದು ಭಾವಿಸುವವರು ಈ ಅಂಶವನ್ನು ಗಮನಿಸಬೇಕು. ಇಂದಿನ ಯುವಕನ ಸುನ್ನಿತನ, ಶಿಯಾತನಗಳೆರಡೂ ಬಹುಮಟ್ಟಿಗೆ ಪಶ್ಚಿಮದಲ್ಲಿಯೇ ಮರುರೂಪ ಪಡೆದವು.

ಪ್ರಾರ್ಥನಾ ಕೊಠಡಿಯ ಪರೀಕ್ಷೆ

ಈ ಮರುರೂಪ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವಿಶ್ವವಿದ್ಯಾಲಯಗಳ ಪ್ರಾರ್ಥನಾ ಕೊಠಡಿಯಲ್ಲಿ. ಬ್ರಿಟನ್ನಿನ ಇಸ್ಲಾಮಿಕ್ ವಿದ್ಯಾರ್ಥಿ ಸಂಘಗಳ ಒಕ್ಕೂಟವಾದ ‘ಫೋಸಿಸ್’ ಸ್ಥಾಪನೆಯಾದದ್ದು 1963ರಲ್ಲಿ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿರುವ ಇಸ್ಲಾಮಿಕ್ ಸಂಘವು ಎಲ್ಲ ಮುಸ್ಲಿಂ ವಿದ್ಯಾರ್ಥಿಗಳ ಸಂಘವೆಂದೇ ಹೆಸರು ಹೊತ್ತಿರುತ್ತದೆ. ಆದರೆ ಅದೇ ವಿಶ್ವವಿದ್ಯಾಲಯಗಳಲ್ಲಿ ‘ಅಹ್ಲುಲ್‌ಬೈತ್ ಸಂಘ’ ಎಂಬ ಹೆಸರಿನಲ್ಲಿ ಶಿಯಾ ವಿದ್ಯಾರ್ಥಿಗಳ ಪ್ರತ್ಯೇಕ ಸಂಘಗಳೂ ಹುಟ್ಟಿಕೊಂಡಿವೆ. ಎಲ್ಲರಿಗೂ ಒಂದೇ ಸಂಘ ಇರುವಾಗ ಎರಡನೆಯದರ ಅಗತ್ಯವೇನು ಎಂಬ ಪ್ರಶ್ನೆಗೆ ಉತ್ತರ ದೈನಂದಿನ ಸಣ್ಣ ಸಂಗತಿಗಳಲ್ಲಿದೆ.

ಸುನ್ನಿಗಳಲ್ಲಿ ಹೆಚ್ಚಿನವರು ನಮಾಜಿನಲ್ಲಿ ಕೈಕಟ್ಟಿ ನಿಲ್ಲುತ್ತಾರೆ, ಶಿಯಾಗಳು ಕೈ ಇಳಿಬಿಟ್ಟು ನಿಲ್ಲುತ್ತಾರೆ. ಶಿಯಾಗಳು ಸಜ್ದಾ ಮಾಡುವಾಗ ಹಣೆ ತಾಗುವೆಡೆಯಲ್ಲಿ ಮಣ್ಣಿನ ಪುಟ್ಟ ಬಿಲ್ಲೆಯನ್ನಿಡುತ್ತಾರೆ. ಬಹುಪಾಲು ಅದು ಕರ್ಬಲಾದ ಮಣ್ಣು. ಮಧ್ಯಾಹ್ನದ ಎರಡು ನಮಾಜುಗಳನ್ನು ಜೊತೆಗೂಡಿಸಿ ಸಲ್ಲಿಸುವ ರೂಢಿಯೂ ಅವರಲ್ಲಿದೆ. ಧರ್ಮಶಾಸ್ತ್ರದ ದೃಷ್ಟಿಯಿಂದ ಇವು ಅಂಗೀಕೃತ ಭೇದಗಳು. ಆದರೆ ಹದಿನೆಂಟರ ಹರೆಯದ ಹುಡುಗಿಯೊಬ್ಬಳು ತುಂಬಿದ ಕೊಠಡಿಯಲ್ಲಿ ಆ ಬಿಲ್ಲೆಯನ್ನು ತೆಗೆದಿಡುವಾಗ ಅದು ಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ. ‘ಕಲ್ಲಿಗೆ ತಲೆಬಾಗುತ್ತೀಯಾ?’ ‘ನಿಮ್ಮ ಕುರಾನ್ ಬೇರೆಯಂತೆ, ಹೌದೇ?’ ಎಂಬಂತಹ ಪ್ರಶ್ನೆಗಳು ಕುತೂಹಲದಿಂದಲೇ ಬರಬಹುದು. ಉತ್ತರಿಸಿ ಉತ್ತರಿಸಿ ಬೇಸತ್ತವರು ಬಿಲ್ಲೆಯನ್ನು ಚೀಲದೊಳಗೇ ಬಿಡುತ್ತಾರೆ, ಇಲ್ಲವೇ ಬೇರೆ ಕೊಠಡಿ ಹುಡುಕಿಕೊಳ್ಳುತ್ತಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸ ಲಿಯಾಕತ್ ತಕೀಂ ಅವರು ಅಮೆರಿಕದ ಶಿಯಾಗಳನ್ನು ಕುರಿತು 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರನ್ನು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರೆಂದು ಗುರುತಿಸಿದ್ದು ಈ ಸ್ಥಿತಿಯನ್ನೇ.

ಇಲ್ಲಿಯೇ ‘ಬರೀ ಮುಸ್ಲಿಂ’ ಎಂಬ ಮಾತಿನ ಒಳಸುಳಿ ತೆರೆದುಕೊಳ್ಳುತ್ತದೆ. ಬಹುಸಂಖ್ಯಾತನಿಗೆ ಆ ಮಾತು ಸುಲಭ. ಆತನ ನಮಾಜಿನ ಕ್ರಮ, ಆತನ ಹಬ್ಬದ ದಿನ, ಆತನ ಶುಕ್ರವಾರದ ಪ್ರವಚನ ಇವೆಲ್ಲವೂ ಯಾವ ವಿಶೇಷಣವೂ ಇಲ್ಲದೆ ‘ಇಸ್ಲಾಮಿನ ಕ್ರಮ’ ಎನಿಸಿಕೊಳ್ಳುತ್ತವೆ. ಅಲ್ಪಸಂಖ್ಯಾತ ಅದೇ ಮಾತನ್ನು ಹೇಳಬೇಕಾದರೆ ತನ್ನದೇನನ್ನಾದರೂ ಬದಿಗಿಡಬೇಕಾಗುತ್ತದೆ. ಒಬ್ಬನಿಗೆ ಆದರ್ಶವಾಗಿ ಕಾಣುವ ಐಕ್ಯ ಮತ್ತೊಬ್ಬನಿಗೆ ಮೌನದ ಷರತ್ತಾಗಿ ಕಾಣುವುದು ಹೀಗೆ. ಐಕ್ಯವನ್ನು ಬಯಸುವ ಸುನ್ನಿ ಯುವಕರಲ್ಲಿ ಅನೇಕರಿಗೆ ಈ ಷರತ್ತು ಇರುವುದೇ ತಿಳಿದಿರುವುದಿಲ್ಲ. ಅವರ ಮನಸ್ಸಿನಲ್ಲಿ ದ್ವೇಷವಿಲ್ಲ. ಆದರೆ ದ್ವೇಷವಿಲ್ಲದಿರುವುದೊಂದೇ ಸಾಲದು.

ದೂರದ ಯುದ್ಧಗಳ ಕಿಡಿ

ಕೊಠಡಿಯೊಳಗಿನ ಈ ಮುಜುಗರವನ್ನು ಬೀದಿಯ ಹಿಂಸೆಯಾಗಿ ಬದಲಿಸಿದ್ದು ಪಶ್ಚಿಮ ಏಷ್ಯದ ಯುದ್ಧಗಳು. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ನಡೆಸಿ ಸದ್ದಾಂ ಆಡಳಿತವನ್ನು ಉರುಳಿಸಿದವು. 2006ರ ಫೆಬ್ರುವರಿಯಲ್ಲಿ ಸಮಾರಾದ ಶಿಯಾ ಪವಿತ್ರ ಕ್ಷೇತ್ರದ ಮೇಲೆ ಬಾಂಬ್ ದಾಳಿ ನಡೆದ ಬಳಿಕ ಇರಾಕ್ ಪಂಥೀಯ ರಕ್ತಪಾತದಲ್ಲಿ ಮುಳುಗಿತು. ಅದೇ ವರ್ಷದ ಡಿಸೆಂಬರ್ 30ರಂದು ಸದ್ದಾಂ ಅವರನ್ನು ಗಲ್ಲಿಗೇರಿಸಲಾಯಿತು. ಕೆಲವೇ ದಿನಗಳಲ್ಲಿ, 2007ರ ಜನವರಿಯಲ್ಲಿ, ಸಾವಿರಾರು ಮೈಲಿ ದೂರದ ಡೆಟ್ರಾಯಿಟ್‌ನಲ್ಲಿ ಕೆಲವು ಶಿಯಾ ಮಸೀದಿಗಳ ಹಾಗೂ ಅಂಗಡಿಗಳ ಕಿಟಕಿ ಗಾಜುಗಳು ಪುಡಿಯಾದವು. ಡಿಯರ್‌ಬೋರ್ನ್‌ನಲ್ಲಿ 2005ರಲ್ಲಷ್ಟೇ ‘ಇಸ್ಲಾಮಿಕ್ ಸೆಂಟರ್ ಆಫ್ ಅಮೆರಿಕ’ದ ಭವ್ಯ ಮಸೀದಿ ತೆರೆದು ನೆಮ್ಮದಿಯಲ್ಲಿದ್ದ ಸಮುದಾಯಕ್ಕೆ ಇದೊಂದು ಆಘಾತ.

2011ರಲ್ಲಿ ಆರಂಭವಾದ ಸಿರಿಯಾ ಸಂಘರ್ಷ ಇನ್ನಷ್ಟು ಗಾಢವಾದ ಗೆರೆ ಎಳೆಯಿತು. 2012ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದ ಆಂಡರ್ಲೆಖ್ಟ್ ಪ್ರದೇಶದಲ್ಲಿರುವ ಶಿಯಾ ಮಸೀದಿಗೆ ನುಗ್ಗಿದ ವ್ಯಕ್ತಿಯೊಬ್ಬ ಬೆಂಕಿ ಹಚ್ಚಿದ. ಅಲ್ಲಿನ ಇಮಾಮ್ ಹೊಗೆಯಲ್ಲಿ ಸಿಲುಕಿ ಅಸುನೀಗಿದರು. 2013ರ ಮೇ ತಿಂಗಳಲ್ಲಿ ಲಂಡನ್ನಿನ ಎಜ್‌ವೇರ್ ರಸ್ತೆಯಲ್ಲಿ, ತೀವ್ರವಾದಿ ಅಂಜೆಮ್ ಚೌಧರಿಯ ಬೆಂಬಲಿಗರು ಸಿರಿಯಾ ವಿಚಾರವಾಗಿ ನಡೆಸಿದ ಪ್ರತಿಭಟನೆಯ ವೇಳೆ ಶಿಯಾಗಳ ಮೇಲೆ ಹಲ್ಲೆ ನಡೆಯಿತು. 2014ರಲ್ಲಿ ಮೋಸುಲ್ ನಗರವನ್ನು ವಶಪಡಿಸಿಕೊಂಡ ಐಸಿಸ್ ಸಂಘಟನೆ ಶಿಯಾಗಳ ಸಾಮೂಹಿಕ ಹತ್ಯೆಯ ಚಿತ್ರಗಳನ್ನು ತನ್ನ ಪ್ರಚಾರ ಸಾಮಗ್ರಿಯನ್ನಾಗಿ ಮಾಡಿಕೊಂಡಿತು. ಬ್ರಿಟನ್ ಒಂದರಿಂದಲೇ 900ಕ್ಕೂ ಹೆಚ್ಚು ಮಂದಿ ಸಿರಿಯಾ ಸಂಘರ್ಷದತ್ತ ಹೊರಟರೆಂಬುದು ಅಲ್ಲಿನ ಸರ್ಕಾರದ ಲೆಕ್ಕ. ಲಕ್ಷಾಂತರ ಮುಸ್ಲಿಮರ ನಡುವೆ ಇದು ಅತಿ ಸಣ್ಣ ಸಂಖ್ಯೆ. ಆದರೆ ಆ ಪ್ರಚಾರ ಅಂತರ್ಜಾಲದ ಮೂಲಕ ಎಲ್ಲರ ಮನೆಯ ಕೋಣೆಗೂ ತಲುಪಿತು. ಸುನ್ನಿ-ಶಿಯಾ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಅದೇ ಇಂಗ್ಲಿಷ್ ಈಗ ನಿಂದನೆಯ ಭಾಷಣಗಳನ್ನೂ ಗಡಿ ದಾಟಿಸಿತು. ಶಿಯಾಗಳನ್ನು ‘ರಾಫಿದಿ’ ಎಂದು, ಸುನ್ನಿಗಳನ್ನು ‘ನಾಸಿಬಿ’ ಎಂದು ಜರೆಯುವ ಶತಮಾನಗಳ ಹಿಂದಿನ ಬೈಗುಳಗಳು ಲಂಡನ್ನಿನಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ಮರುಹುಟ್ಟು ಪಡೆದವು.

ಹಾಗೆಂದು ಪ್ರತಿ ಹಿಂಸೆಗೂ ಪಂಥದ ಬಣ್ಣ ಬಳಿಯುವುದೂ ಅಪಾಯಕರ. 2022ರ ಬೇಸಿಗೆಯಲ್ಲಿ ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ಮುಸ್ಲಿಮರ ಸರಣಿ ಹತ್ಯೆ ನಡೆದಾಗ ಮೊದಲು ಜನಾಂಗ ದ್ವೇಷದ ಶಂಕೆ ಮೂಡಿತು. ಆರೋಪಿಯಾಗಿ ಅಫ್ಘಾನ್ ಮೂಲದ ಸುನ್ನಿ ಮುಸ್ಲಿಮನೊಬ್ಬ ಬಂಧಿತನಾದಾಗ ಸುದ್ದಿಯ ಶೀರ್ಷಿಕೆಗಳೆಲ್ಲ ಸುನ್ನಿ-ಶಿಯಾ ವೈರದತ್ತ ತಿರುಗಿದವು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯವು ಒಂದು ಹತ್ಯೆಯಲ್ಲಿ ಆತನನ್ನು ತಪ್ಪಿತಸ್ಥನೆಂದು ಘೋಷಿಸಿತಾದರೂ ಪಂಥ ದ್ವೇಷವೇ ಕಾರಣವೆಂಬುದು ಅಲ್ಲಿ ಸಾಬೀತಾಗಲಿಲ್ಲ. ಎರಡು ಬಾರಿ ಅವಸರದ ತೀರ್ಪು ನೀಡಿದ ಮಾಧ್ಯಮಗಳಿಗೆ ಇದು ಎಚ್ಚರಿಕೆಯ ಪಾಠ.

ಕೈಜೋಡಿಸುವ ಯತ್ನಗಳು

ಒಡಕಿನ ಈ ಘಟನೆಗಳ ಜೊತೆಜೊತೆಗೇ ಬೆಸುಗೆಯ ಯತ್ನಗಳೂ ನಡೆದಿವೆ. ಜೋರ್ಡಾನಿನ ದೊರೆ ಎರಡನೆಯ ಅಬ್ದುಲ್ಲಾ ಅವರು 2004ರಲ್ಲಿ ಹೊರಡಿಸಿದ ‘ಅಮ್ಮಾನ್ ಸಂದೇಶ’ದ ಮುಂದುವರಿಕೆಯಾಗಿ 2005ರ ಜುಲೈನಲ್ಲಿ 50 ದೇಶಗಳ 200ರಷ್ಟು ವಿದ್ವಾಂಸರು ಸಭೆ ಸೇರಿದರು. ಸುನ್ನಿಗಳ ನಾಲ್ಕು ಹಾಗೂ ಶಿಯಾಗಳ ಎರಡು ಧರ್ಮಶಾಸ್ತ್ರ ಶಾಖೆಗಳೂ ಸೇರಿದಂತೆ ಒಟ್ಟು ಎಂಟು ಶಾಖೆಗಳ ಅನುಯಾಯಿಗಳು ಮುಸ್ಲಿಮರೇ, ಅವರನ್ನು ಧರ್ಮಬಾಹಿರರೆನ್ನುವ ಹಕ್ಕು ಯಾರಿಗೂ ಇಲ್ಲ ಎಂದು ಅವರು ಸಾರಿದರು. ಪಶ್ಚಿಮದ ಯುವಕನಿಗೆ ತನ್ನ ವಾದವನ್ನು ಮಂಡಿಸಲು ಇದೊಂದು ಆಧಾರ ಒದಗಿಸಿತು.

ಬ್ರಿಟನ್ನಿನಲ್ಲಿ 2006ರಲ್ಲಿ ರೂಪುಗೊಂಡ ಮಸೀದಿಗಳ ಹಾಗೂ ಇಮಾಮರ ರಾಷ್ಟ್ರೀಯ ಸಲಹಾ ಮಂಡಳಿಯ ನಾಲ್ವರು ಸ್ಥಾಪಕರಲ್ಲಿ ಮೂರು ಸುನ್ನಿ ಬಹುಸಂಖ್ಯೆಯ ಸಂಘಟನೆಗಳಾದರೆ ನಾಲ್ಕನೆಯದು ಶಿಯಾಗಳ ಅಲ್ ಖೋಯಿ ಪ್ರತಿಷ್ಠಾನ. ಡೆಟ್ರಾಯಿಟ್‌ನಲ್ಲಿ ಗಾಜು ಒಡೆದ 2007ರಲ್ಲಿಯೇ ಅಲ್ಲಿನ ಸುನ್ನಿ ಹಾಗೂ ಶಿಯಾ ನಾಯಕರು ಪರಸ್ಪರ ನಿಂದನೆಯನ್ನು ತೊರೆಯುವ ‘ಗೌರವ ಸಂಹಿತೆ’ಗೆ ಸಹಿ ಹಾಕಿದರು. ಇವು ಹಿರಿಯರು ಕಾಗದದ ಮೇಲೆ ಮಾಡಿದ ಕೆಲಸಗಳು. ಯುವಜನರು ಆರಿಸಿಕೊಂಡ ದಾರಿ ಬೇರೆ. ಬ್ರಿಟನ್ನಿನ ಶಿಯಾ ಯುವಕರು 2006ರಿಂದ ಇಮಾಮ್ ಹುಸೇನರ ಹೆಸರಿನಲ್ಲಿ ರಕ್ತದಾನ ಅಭಿಯಾನ ನಡೆಸುತ್ತಿದ್ದಾರೆ. 2012ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಹೂ ಈಸ್ ಹುಸೇನ್’ ಎಂಬ ಸಂಸ್ಥೆ ಕರ್ಬಲಾದ ಕಥೆಯನ್ನು ಅನ್ಯಾಯದ ವಿರುದ್ಧ ನಿಂತ ವ್ಯಕ್ತಿಯೊಬ್ಬನ ಕಥೆಯಾಗಿ ಎಲ್ಲ ಧರ್ಮದವರ ಮುಂದಿಟ್ಟಿತು. 2022ರ ಆಗಸ್ಟ್‌ನಲ್ಲಿ ಅದು ಹಲವು ದೇಶಗಳಲ್ಲಿ ಏರ್ಪಡಿಸಿದ ಒಂದೇ ದಿನದ ಶಿಬಿರದಲ್ಲಿ 37 ಸಾವಿರಕ್ಕೂ ಹೆಚ್ಚು ಮಂದಿ ರಕ್ತದಾನ ಮಾಡಿ ವಿಶ್ವದಾಖಲೆ ಸ್ಥಾಪಿಸಿದರು. ಚಲನಚಿತ್ರದ ವಿವಾದ ನಡೆದು ಆಗ ಮೂರು ತಿಂಗಳೂ ಕಳೆದಿರಲಿಲ್ಲ. ತಮ್ಮ ಗುರುತನ್ನು ಮರೆಮಾಚದೆ, ಇನ್ನೊಬ್ಬರ ಪೂಜ್ಯರನ್ನು ಹೀಗಳೆಯದೆ ಅದನ್ನು ಹೇಳಿಕೊಳ್ಳುವ ಮಾರ್ಗವೊಂದಿದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಮದುವೆಗಳೂ ನಡೆಯುತ್ತಿವೆ. ತಂದೆ ಸುನ್ನಿ, ತಾಯಿ ಶಿಯಾ ಅಥವಾ ಅದರ ತಿರುವುಮುರುವಾದ ಮನೆಗಳಲ್ಲಿ ಬೆಳೆದ ಮಕ್ಕಳು ತಮ್ಮನ್ನು ತಾವೇ ತಮಾಷೆಗೆ ‘ಸೂಷಿ’ ಎಂದು ಕರೆದುಕೊಳ್ಳುತ್ತಾರೆ. ಜಪಾನಿ ತಿನಿಸಿನ ಹೆಸರನ್ನು ಹೋಲುವ ಈ ಪದ ನಗು ತರಿಸಬಹುದು. ಆದರೆ ಎರಡು ಅಜ್ಜಿಯರ ನಡುವೆ ಎರಡು ರೀತಿಯ ನಮಾಜನ್ನು ಕಂಡು ಬೆಳೆದ ಮಗುವಿಗೆ ಯಾವುದೋ ಒಂದು ಮಾತ್ರ ಸರಿಯೆಂದು ಒಪ್ಪಿಸುವುದು ಅಷ್ಟು ಸುಲಭವಲ್ಲ.

ಸರ್ಕಾರಗಳ ಕಣ್ಣು, ಮತದಾರರ ಕಣ್ಣು

ಪಶ್ಚಿಮದ ಸರ್ಕಾರಗಳ ನೀತಿಯೂ ಈ ಗುರುತುಗಳನ್ನು ರೂಪಿಸುತ್ತಿದೆ. ಐಸಿಸ್ ಕಾಲದಲ್ಲಿ ಭದ್ರತಾ ಸಂಸ್ಥೆಗಳ ಶಂಕೆ ಮುಖ್ಯವಾಗಿ ಸುನ್ನಿ ಯುವಕರ ಮೇಲಿತ್ತು. ಇರಾನಿನೊಂದಿಗೆ ಪಶ್ಚಿಮದ ಸಂಬಂಧ ಹದಗೆಟ್ಟಂತೆ ಅದು ಶಿಯಾ ಸಂಸ್ಥೆಗಳತ್ತಲೂ ಹೊರಳಿತು. ಲಂಡನ್ನಿನ ಮೈಡಾ ವೇಲ್‌ನಲ್ಲಿರುವ ಇಸ್ಲಾಮಿಕ್ ಸೆಂಟರ್ ಆಫ್ ಇಂಗ್ಲೆಂಡ್ ವಿರುದ್ಧ 2022ರಲ್ಲಿ ದತ್ತಿ ಆಯೋಗ ವಿಚಾರಣೆ ಆರಂಭಿಸಿತು. ಜರ್ಮನಿಯು 2024ರ ಜುಲೈನಲ್ಲಿ ಹ್ಯಾಂಬರ್ಗ್‌ನ ಇಸ್ಲಾಮಿಕ್ ಕೇಂದ್ರವನ್ನು ಇರಾನ್ ಆಡಳಿತದ ಉಪಕರಣವೆಂದು ಆರೋಪಿಸಿ ನಿಷೇಧಿಸಿ, ಅಲ್ಲಿನ ಪ್ರಸಿದ್ಧ ನೀಲಿ ಮಸೀದಿಯನ್ನು ವಶಕ್ಕೆ ತೆಗೆದುಕೊಂಡಿತು. ವಿದೇಶಿ ಆಡಳಿತದ ಹಸ್ತಕ್ಷೇಪವನ್ನು ತಡೆಯುವುದು ಯಾವುದೇ ದೇಶದ ಹಕ್ಕು. ಆದರೆ ಬೀಗ ಬಿದ್ದಾಗ ಹೊರಗುಳಿಯುವವರಲ್ಲಿ ಇರಾನಿನ ರಾಜಕೀಯದ ಗೊಡವೆಯೇ ಇಲ್ಲದೆ ಮೊಹರಂ ದಿನ ಕಣ್ಣೀರಿಡಲು ಬರುತ್ತಿದ್ದ ಯುವಕರೂ ಇರುತ್ತಾರೆ. ಲಖನೌದಲ್ಲಿ ಸುನ್ನಿ-ಶಿಯಾ ಗಲಭೆಗಳ ಬಳಿಕ 1977ರಲ್ಲಿ ಮೆರವಣಿಗೆಗಳ ಮೇಲೆ ಹೇರಿದ ನಿಷೇಧ ಎರಡು ದಶಕಗಳ ಕಾಲ ಮುಂದುವರಿದು 1998ರಲ್ಲಿ ಸಡಿಲಗೊಂಡಿತು. ನಿಷೇಧದಿಂದ ಶಾಂತಿ ಕಾಪಾಡಬಹುದು, ವಿಶ್ವಾಸ ಬೆಳೆಸಲಾಗದು ಎಂಬುದು ಭಾರತಕ್ಕೆ ಅನುಭವವೇದ್ಯ ಸಂಗತಿ.

ಚುನಾವಣಾ ರಾಜಕೀಯ ಇನ್ನೊಂದು ಚಿತ್ರ ನೀಡುತ್ತದೆ. ಡಿಯರ್‌ಬೋರ್ನ್ 2021ರಲ್ಲಿ ಲೆಬನಾನಿ ಮೂಲದ ಅಬ್ದುಲ್ಲಾ ಹಮ್ಮೂದ್ ಅವರನ್ನು ತನ್ನ ಮೊದಲ ಮುಸ್ಲಿಂ ಮೇಯರ್ ಆಗಿ ಆರಿಸಿತು. 2025ರ ನವೆಂಬರ್‌ನಲ್ಲಿ ಝೊಹ್ರಾನ್ ಮಮ್ದಾನಿ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆಯಲ್ಲಿ ಗೆದ್ದರು. ಅವರ ತಾಯಿ ಚಿತ್ರ ನಿರ್ದೇಶಕಿ ಮೀರಾ ನಾಯರ್. ತಂದೆ ಮಹಮೂದ್ ಮಮ್ದಾನಿ 1972ರಲ್ಲಿ ಉಗಾಂಡದಿಂದ ಹೊರದಬ್ಬಲ್ಪಟ್ಟ ಏಷ್ಯನ್ನರಲ್ಲೊಬ್ಬರು. ಝೊಹ್ರಾನ್ ಶಿಯಾ ಪಂಥಕ್ಕೆ ಸೇರಿದವರು. ಆದರೆ ಬಾಂಗ್ಲಾದೇಶಿ, ಪಾಕಿಸ್ತಾನಿ, ಆಫ್ರಿಕನ್ ಸುನ್ನಿಗಳು ದೊಡ್ಡ ಸಂಖ್ಯೆಯಲ್ಲಿರುವ ಆ ನಗರದಲ್ಲಿ ಬಾಡಿಗೆ, ಬಸ್ಸು, ಶಿಶುಪಾಲನೆ ಹಾಗೂ ಗಾಜಾ ಕುರಿತ ಅವರ ನಿಲುವುಗಳು ಚರ್ಚೆಯಾದವೇ ಹೊರತು ಪಂಥ ಚುನಾವಣೆಯ ವಿಷಯವಾಗಲಿಲ್ಲ. ಎದುರಾಳಿಗಳ ಟೀಕೆಯೂ ‘ಮುಸ್ಲಿಂ’ ಎಂಬ ಪದದಾಚೆ ಹೋಗಲಿಲ್ಲ.

ಇದನ್ನು ಭೇದ ಅಳಿದುದರ ಸಂಕೇತವೆಂದು ಸಂಭ್ರಮಿಸುವುದು ಅವಸರವಾದೀತು. 2023ರ ಅಕ್ಟೋಬರ್ ಬಳಿಕ ಗಾಜಾ ಯುದ್ಧದ ವಿರುದ್ಧ ಪಶ್ಚಿಮದ ನಗರಗಳಲ್ಲಿ ನಡೆದ ಮೆರವಣಿಗೆಗಳು ಸುನ್ನಿ ಹಾಗೂ ಶಿಯಾ ಯುವಜನರನ್ನು ಒಂದೇ ಬೀದಿಗೆ ತಂದವು ನಿಜ. ಆದರೆ ಸಮಾನ ದುಃಖ ತಂದ ಒಗ್ಗಟ್ಟು ಆ ದುಃಖದಷ್ಟೇ ಬಾಳಿಕೆ ಬರುತ್ತದೆ. ಸಿರಿಯಾ ವಿಚಾರದಲ್ಲಿ ಇದೇ ಯುವಜನರು ಎದುರುಬದುರಾಗಿದ್ದುದನ್ನು ಮರೆಯುವಂತಿಲ್ಲ. ಪಶ್ಚಿಮ ಏಷ್ಯದ ಮುಂದಿನ ಯುದ್ಧ ಯಾರನ್ನು ಯಾರ ವಿರುದ್ಧ ನಿಲ್ಲಿಸುವುದೋ ಅದಕ್ಕೆ ತಕ್ಕಂತೆ ಬರ್ಮಿಂಗ್‌ಹ್ಯಾಮಿನ ಸ್ನೇಹಗಳು ಏಳುಬೀಳು ಕಾಣುವಂತಾದರೆ ಆ ಐಕ್ಯಕ್ಕೆ ಸ್ವಂತ ನೆಲವಿಲ್ಲವೆಂದೇ ಅರ್ಥ.

ಸ್ವಂತ ನೆಲ ಒದಗಬೇಕಾದರೆ ಕೆಲಸ ಪ್ರಾರ್ಥನಾ ಕೊಠಡಿಯಿಂದಲೇ ಆರಂಭವಾಗಬೇಕು. ಇಸ್ಲಾಮಿಕ್ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿ ಶಿಯಾ ಹೆಸರೊಂದು ಸಹಜವಾಗಿ ಇರಬಲ್ಲುದೇ, ಮೊಹರಂ ಹತ್ತನೆಯ ದಿನ ಸುನ್ನಿ ಗೆಳೆಯ ಮಜ್ಲಿಸಿಗೆ ಬಂದು ಕುಳಿತುಕೊಳ್ಳಬಲ್ಲನೇ, ಶಿಯಾ ಭಾಷಣಕಾರ ಸುನ್ನಿಗಳ ಪೂಜ್ಯರ ಹೆಸರನ್ನು ಗೌರವದಿಂದ ಉಚ್ಚರಿಸಬಲ್ಲನೇ ಎಂಬ ಸಣ್ಣ ಪ್ರಶ್ನೆಗಳು ಅಮ್ಮಾನ್‌ನ ಘೋಷಣೆಗಿಂತ ಹೆಚ್ಚು ನಿರ್ಣಾಯಕ. ಹೊಣೆ ಎರಡೂ ಕಡೆಯದು. ಆದರೆ ಸಂಖ್ಯೆಯಲ್ಲಿ ಹೆಚ್ಚಿರುವವರದು ತುಸು ಹೆಚ್ಚಿನದು. ಪಶ್ಚಿಮದ ಬಹುಸಂಖ್ಯಾತ ಸಮಾಜದಿಂದ ಮುಸ್ಲಿಂ ಯುವಜನರು ಕೇಳುತ್ತಿರುವುದು ತಮ್ಮ ಭೇದವನ್ನು ಅಳಿಸಿಕೊಳ್ಳದೆಯೇ ಸಮಾನ ನಾಗರಿಕರಾಗಿ ಬಾಳುವ ಹಕ್ಕನ್ನು. ಆ ಬೇಡಿಕೆ ನ್ಯಾಯವಾದದ್ದು. ತಮ್ಮೊಳಗಿನ ಚಿಕ್ಕ ಸಮುದಾಯಕ್ಕೂ ಅದೇ ಹಕ್ಕನ್ನು ಅವರು ಎಷ್ಟರಮಟ್ಟಿಗೆ ಒದಗಿಸಿಕೊಡುತ್ತಾರೆ ಎಂಬುದರ ಮೇಲೆ ಆ ಬೇಡಿಕೆಯ ನೈತಿಕ ಬಲವೂ ನಿಂತಿದೆ.